ಪಿನ್ ಇದ್ದಾನೋ, ಪಿನ್ ಇದೆಯೋ: ಒಂದು ಪತ್ತೇದಾರಿ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆದ ಪ್ರಕರಣ

ಮೂವರು ಸೇರಿ ಒಂದು ಇಂಗ್ಲಿಷ್ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆದೆವು. ಎರಡು ಸಲ ಕೆಟ್ಟಿತು. ಮೂರನೇ ಸಲ ಬಹುಪಾಲು ಸರಿಹೋಯಿತು. ಈ ಕೆಲಸಕ್ಕೆ ಇಳಿಯುವವರಿಗೆ ಎಲ್ಲಿ ಕಾಲು ಜಾರುತ್ತದೆ ಎಂದು ಮೊದಲೇ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಹಾಕಿಲ್ಲ. ಜೊತೆಗಿದ್ದ ಇಬ್ಬರನ್ನು ಮೇಷ್ಟ್ರು, ವಿದ್ಯಾರ್ಥಿನಿ ಅಂತಲೇ ಕರೆಯುತ್ತೇನೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ವಿದ್ಯಾರ್ಥಿನಿ ಪದವಿ ಓದುತ್ತಿದ್ದಳು. ಕಂಪ್ಯೂಟರಿನಲ್ಲಿ ಮಾತಿಗೆ ಸರಿಯಾಗಿ ಸಾಲು ಕೂರಿಸುವುದು ನಮ್ಮಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಹಿನ್ನೆಲೆ

ನಮ್ಮದು ಪುಟ್ಟ ಚಿತ್ರ ಬಳಗ. ತಿಂಗಳಿಗೊಂದು ಸಿನಿಮಾ, ಆಮೇಲೆ ಕಾಫಿ, ಮಾತು. ಬರುವವರೆಲ್ಲ ನಲವತ್ತು ದಾಟಿದವರೇ. ಪಿಯುಸಿ ಮಕ್ಕಳೂ ಬರಲಿ ಎಂದು ನಾನು ಹಟ ಹಿಡಿದು ‘ಬ್ರಿಕ್’ ಆರಿಸಿದೆ. ಆ ಮಕ್ಕಳಲ್ಲಿ ಜಾಸ್ತಿ ಜನ ಕನ್ನಡ ಮಾಧ್ಯಮದಿಂದ ಬಂದವರು. ಈ ಚಿತ್ರದ ಇಂಗ್ಲಿಷ್ ಮಾತು ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೇ ಒಂದೇ ಏಟಿಗೆ ಹತ್ತುವುದಿಲ್ಲ. ಕನ್ನಡದಲ್ಲಿ ಬರೆಯದೆ ಬೇರೆ ದಾರಿ ಇರಲಿಲ್ಲ.

ಚಿತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಕ್ಯಾಲಿಫೋರ್ನಿಯಾದ ದಕ್ಷಿಣ ಕರಾವಳಿಯಲ್ಲಿ ಸ್ಯಾನ್ ಕ್ಲೆಮೆಂಟೆ ಎಂಬ ಊರಿದೆ. ನಿರ್ದೇಶಕ ರಯನ್ ಜಾನ್ಸನ್ ಓದಿದ್ದು ಅಲ್ಲಿನ ಹೈಸ್ಕೂಲಿನಲ್ಲಿ. ಚಿತ್ರ ತೆಗೆದದ್ದೂ ಅದೇ ಶಾಲೆಯಲ್ಲಿ. ಚಿತ್ರಕತೆಯನ್ನು 1997ರ ಸುಮಾರಿಗೇ ಬರೆದಿದ್ದರು. ದುಡ್ಡು ಹಾಕುವವರು ಸಿಗದೆ ವರ್ಷಗಟ್ಟಲೆ ಅಲೆದರು. ಕೊನೆಗೆ ಮನೆಯವರು, ಗೆಳೆಯರು ಕೈಜೋಡಿಸಿದರು. 5 ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಚಿತ್ರ ಮುಗಿಯಿತು. 2005ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದರ ಹೊಸ ನೋಟಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಬಂತು. 2006ರಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆ ಕಂಡಿತು.

ಕತೆ ಶುರುವಾಗುವುದು ಒಂದು ಹೆಣದಿಂದ. ನೀರು ಹರಿಯುವ ಸುರಂಗದ ಬಾಯಲ್ಲಿ ಎಮಿಲಿ ಎಂಬ ಹುಡುಗಿ ಸತ್ತು ಬಿದ್ದಿದ್ದಾಳೆ. ಕೈಯಲ್ಲಿ ನೀಲಿ ಬಳೆಗಳು. ಎದುರಿಗೆ ಕುಕ್ಕರಗಾಲಲ್ಲಿ ಕೂತ ಬ್ರೆಂಡನ್ ಸುಮ್ನೆ ನೋಡುತ್ತಿದ್ದಾನೆ. ಅವಳು ಅವನನ್ನು ಬಿಟ್ಟುಹೋದವಳು. ಕೊಂದವರು ಯಾರು ಎಂದು ಅವನೇ ಹುಡುಕಲು ಹೊರಡುತ್ತಾನೆ. ಪತ್ತೇದಾರ ಹೈಸ್ಕೂಲ್ ಹುಡುಗ, ಸುಳಿವು ಕೊಡುವವರು ಹೈಸ್ಕೂಲ್ ಮಕ್ಕಳು, ಮೋಸ ಮಾಡುವ ಚೆಲುವೆಯೂ ಅದೇ ಶಾಲೆಯವಳು.

ಆದರೆ ಅವರ ಮಾತು ಶಾಲೆ ಮಕ್ಕಳ ಮಾತಲ್ಲ. 1920ರ ಮತ್ತು 30ರ ದಶಕದಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಬರೆದ ಪತ್ತೇದಾರಿ ಕತೆಗಳ ಗಡಸು ಮಾತು. ಹ್ಯಾಮೆಟ್ ಸ್ವತಃ ಪಿಂಕರ್‌ಟನ್ ಪತ್ತೇದಾರಿ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಆ ಭಾಷೆಯನ್ನು ಜಾನ್ಸನ್ ಹದಿನೇಳರ ಮಕ್ಕಳ ಬಾಯಿಗೆ ಕೊಟ್ಟರು. ಹಳೆಯ ಕ್ರೈಂ ಚಿತ್ರಗಳನ್ನು ನೋಡಿ ಅನುಕರಿಸಬೇಡಿ ಎಂದು ನಟರಿಗೆ ಹೇಳಿದರು. ಬದಲಿಗೆ ಪಟಪಟ ಮಾತಿನ ಹಳೆಯ ಹಾಸ್ಯ ಚಿತ್ರಗಳನ್ನು ತೋರಿಸಿದರು. ಹಾಗಾಗಿ ಮಾತು ಗಡಸೂ ಹೌದು, ಓಟವೂ ಜಾಸ್ತಿ. ಪೊಲೀಸರಿಗೆ ಇವರು ಬಳಸುವ ಪದ ‘ಗೂಳಿಗಳು’. ಅಮೆರಿಕದ ಯಾವ ಶಾಲೆಯಲ್ಲೂ ಇವತ್ತಿನ ಮಕ್ಕಳು ಹೀಗೆ ಮಾತಾಡುವುದಿಲ್ಲ.

ಮೊದಲ ಪ್ರಯತ್ನ

ಮೊದಲ ಪ್ರತಿ ನಾನೇ ಬರೆದೆ, ಮೂರು ವಾರ ಕೂತು. ಹದಿಹರೆಯದವರ ಚಿತ್ರ ಅಲ್ವಾ, ಹದಿಹರೆಯದವರ ಕನ್ನಡ ಬೇಕು ಅಂದುಕೊಂಡೆ. ಬೆಂಗಳೂರಿನ ಹುಡುಗರ ಮಾತು ಹಾಕಿದೆ. ಮಚ್ಚಾ, ಗುರೂ, ಮಗಾ. ಪೊಲೀಸರಿಗೆ ‘ಮಾಮ’. ಬರೆಯುವಾಗ ಬಹಳ ಖುಷಿ ಕೊಟ್ಟಿತು. ಓದಿದರೆ ಕಿವಿಗೆ ಜೀವಂತವಾಗಿ ಕೇಳುತ್ತಿತ್ತು.

8 ಮಕ್ಕಳನ್ನು ಕೂರಿಸಿ ಮೊದಲ 20 ನಿಮಿಷ ತೋರಿಸಿದೆವು. ಸಾಯುವ ಮುಂಚೆ ಎಮಿಲಿ, ಫೋನ್ ಬೂತಿನಲ್ಲಿ ನಿಂತ ಬ್ರೆಂಡನ್‌ಗೆ ಕರೆ ಮಾಡುವ ದೃಶ್ಯ ಬಂತು. ಅವಳು ಹೆದರಿ ಅಳುತ್ತಿದ್ದಾಳೆ. ಮಕ್ಕಳು ನಕ್ಕರು. ಒಬ್ಬರಲ್ಲ, ಎಂಟೂ ಜನ.

ತಪ್ಪು ಅವರದಲ್ಲ. ಆ ಪದಗಳನ್ನು ಅವರು ದಿನಾ ಬಳಸುತ್ತಾರೆ. ಬೆಳ್ಳನೆಯ ಅಮೆರಿಕನ್ ಹುಡುಗನ ಮುಖದ ಕೆಳಗೆ ‘ಏನ್ ಗುರೂ’ ಎಂದು ಬಂದರೆ ಯಾರಿಗಾದರೂ ನಗು ಬರುತ್ತದೆ. ಆಮೇಲೆ ಒಂದು ಹುಡುಗಿ ಕೇಳಿದಳು, ‘ಇದು ಕಾಮಿಡಿನಾ ಅಂಕಲ್?’ ಮೂರು ವಾರದ ಕೆಲಸವನ್ನು ಅವತ್ತೇ ಬದಿಗಿಟ್ಟೆ. ಸುಲಭವಾಗಿರಲಿಲ್ಲ.

ಎರಡನೇ ಪ್ರಯತ್ನದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹೆದರಿಕೆಯಿಂದ ಇನ್ನೊಂದು ತುದಿಗೆ ಓಡಿದೆವು. ಎಲ್ಲವನ್ನೂ ಶುದ್ಧ ಬರವಣಿಗೆಯ ಕನ್ನಡಕ್ಕೆ ತಂದೆವು. ಯಾರೂ ನಗಲಿಲ್ಲ, ಯಾರೂ ಕೇಳಿಸಿಕೊಳ್ಳಲೂ ಇಲ್ಲ. ‘ವಾರ್ತೆ ಓದಿದ ಹಾಗಿದೆ’ ಎಂದ ಒಬ್ಬ.

ತಿರುವು

ಆ ಎರಡನೇ ಪ್ರದರ್ಶನ ಮುಗಿದ ಮೇಲೆ ವಿದ್ಯಾರ್ಥಿನಿ ಒಂದು ಕೆಲಸ ಮಾಡಿದಳು. ‘ಹೇಗಿತ್ತು’ ಅಂತ ಕೇಳಲಿಲ್ಲ. ‘ಪಿನ್ ಅಂದ್ರೆ ಏನು?’ ಎಂದು ಕೇಳಿದಳು. ‘ಯಾರೋ ಡಾನ್ ಇರಬೇಕು’ ಎಂದ ಒಬ್ಬ ಹುಡುಗ. ‘ಹೇಗೆ ಗೊತ್ತಾಯಿತು?’ ‘ಪಿನ್ ಹುಡುಕ್ತಿದ್ದಾನೆ ಅಂತ ನೀವೇ ಬರೆದಿದ್ದೀರಲ್ಲ ಅಕ್ಕಾ.’

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಇಡೀ ಪ್ರಕರಣ ತಿರುಗಿದ್ದು ಈ ಒಂದು ಉತ್ತರದಿಂದ.

ಆ ಫೋನ್ ಕರೆಯಲ್ಲಿ ಎಮಿಲಿ ಅಳುತ್ತಾ ಅಳುತ್ತಾ ನಾಲ್ಕು ವಿಚಿತ್ರ ಪದ ಬಿಟ್ಟುಹೋಗುತ್ತಾಳೆ. ಬ್ರಿಕ್. ಪಿನ್. ಟಗ್. ಪಾಪದ ಫ್ರಿಸ್ಕೊ. ಬ್ರೆಂಡನ್‌ಗೆ ಒಂದೂ ಅರ್ಥವಾಗುವುದಿಲ್ಲ. ಅವು ಮನುಷ್ಯರೋ, ವಸ್ತುಗಳೋ, ಜಾಗಗಳೋ ಅವನಿಗೆ ತಿಳಿಯದು. ಅವನಿಗೆ ಬ್ರೇನ್ ಎಂಬ ಬುದ್ಧಿವಂತ ಗೆಳೆಯನಿದ್ದಾನೆ. ಟಗ್ ಅಂದರೆ ಯಾವುದೋ ಡ್ರಿಂಕ್ ಇರಬಹುದು, ಹಾಲಿಗೆ ವೋಡ್ಕಾ ಬೆರೆಸಿದ ಥರ, ಎಂದು ಅವನು ಊಹಿಸುತ್ತಾನೆ. ನಿಜಕ್ಕೂ ಟಗ್ ಒಬ್ಬ ಮುಂಗೋಪಿ ದಾಂಡಿಗ. ಮೊದಲರ್ಧದ ಪತ್ತೇದಾರಿ ಎಂದರೆ ಈ ನಾಲ್ಕು ಪದಗಳ ಅರ್ಥ ಹುಡುಕುವುದೇ.

ಇಂಗ್ಲಿಷ್ ಕ್ರಿಯಾಪದ ಇದನ್ನು ಮುಚ್ಚಿಡುತ್ತದೆ. ಮನುಷ್ಯನಿಗೂ ಕಲ್ಲಿಗೂ ಅದಕ್ಕೆ ಒಂದೇ ರೂಪ. ಕನ್ನಡದ್ದು ಹಾಗಲ್ಲ. ಪಿನ್ ಬಂದಿದ್ದಾನೆ, ಪಿನ್ ಬಂದಿದ್ದಾಳೆ, ಪಿನ್ ಬಂದಿದೆ. ಬಾಯಿ ತೆರೆದ ಕೂಡಲೇ ನಮ್ಮ ಭಾಷೆ ಗಂಡೋ ಹೆಣ್ಣೋ ವಸ್ತುವೋ ಎಂದು ಹೇಳಿಬಿಡುತ್ತದೆ. ವಿಭಕ್ತಿಯೂ ಸುಮ್ಮನಿರುವುದಿಲ್ಲ. ‘ಟಗ್‌ನನ್ನು’ ಎಂದರೆ ಅವನು ಆಸಾಮಿ. ‘ಟಗ್ ಅನ್ನು’ ಎಂದರೆ ಅದು ಸಾಮಾನು. ಬ್ರೆಂಡನ್ ಅರ್ಧ ಚಿತ್ರ ಓಡಾಡಿ ಪತ್ತೆ ಮಾಡುವುದನ್ನು ನಾವು ಒಂದು ಪ್ರತ್ಯಯದಲ್ಲಿ ಬಿಟ್ಟುಕೊಟ್ಟಿದ್ದೆವು. ಎರಡೂ ಪ್ರತಿಗಳಲ್ಲಿ ಈ ತಪ್ಪು ಇತ್ತು. ಯಾವ ಶೈಲಿ ಎಂದು ಜಗಳ ಆಡುವುದರಲ್ಲಿ ಮೂವರೂ ಮುಳುಗಿದ್ದೆವು, ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೇಷ್ಟ್ರು ಆ ಸಂಜೆ ಮನೆಗೆ ಹೋಗಲಿಲ್ಲ. ನಾಲ್ಕು ಸಾಲಿಗೆ ಎರಡು ಗಂಟೆ ಕೂತೆವು. ‘ಈಗ ಪಿನ್ ಹುಡುಕ್ತಿದ್ದಾನೆ’ ಹೋಯಿತು. ‘ಎಲ್ಲ ಪಿನ್ ಕೈಯಲ್ಲಿದೆ’ ಎಂದು ನಾನು ಬರೆದೆ. ಕೈ ಇದ್ದರೆ ಮನುಷ್ಯನೇ ಅಲ್ವಾ, ಅದೂ ಹೋಯಿತು. ಕೊನೆಗೆ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದರು: ‘ಈಗ ಪಿನ್ ಬೇರೆ.’

ಅಷ್ಟೇ. ಕ್ರಿಯಾಪದವೇ ಇಲ್ಲ. ಮನೆಯಲ್ಲಿ ಕಷ್ಟದ ಮೇಲೆ ಕಷ್ಟ ಬಂದಾಗ ನಾವು ಆಡುವ ಮಾತು. ಸಾಲ ಇದೆ, ಈಗ ಮಳೆ ಬೇರೆ. ಜ್ವರ ಇದೆ, ಈಗ ನೆಂಟರು ಬೇರೆ. ಪಿನ್ ಮಳೆಯೂ ಆಗಬಹುದು, ನೆಂಟನೂ ಆಗಬಹುದು. ಹೆದರಿಕೆ ಮಾತ್ರ ಪೂರ್ತಿ ಉಳಿಯಿತು. ಮುಂದಿನ ಸಾಲಿಗೆ ‘ಎಲ್ಲ ನನ್ನ ತಲೆಗೇ ಕಟ್ತಿದ್ದಾರೆ’ ಎಂದು ವಿದ್ಯಾರ್ಥಿನಿ ಬರೆದಳು. ‘ಪಾಪ, ಫ್ರಿಸ್ಕೊ’ ಎನ್ನುವುದಕ್ಕೆ ತಿಣುಕಬೇಕಾಗಲಿಲ್ಲ. ಆ ‘ಪಾಪ’ ಕನ್ನಡದಲ್ಲಿ ಕಾಯುತ್ತಾ ಕೂತಿತ್ತು.

‘ಬ್ರಿಕ್’ ಎಂದರೆ ಇಲ್ಲಿ ಇಟ್ಟಿಗೆಯಷ್ಟು ದಪ್ಪದ ಹೆರಾಯಿನ್ ಪೊಟ್ಟಣ. ‘ಇಟ್ಟಿಗೆ’ ಎಂದು ಬರೆದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ಬ್ರಿಕ್ ಎಂದೇ ಇಡೋಣ ಎಂದೆ. ಮೇಷ್ಟ್ರು ಒಪ್ಪಲಿಲ್ಲ. ‘ಇಂಗ್ಲಿಷಿನವರಿಗೂ ಅದು ಇಟ್ಟಿಗೆನೇ ತಾನೇ? ಅವರು ಬಿದ್ದ ಗೊಂದಲಕ್ಕೆ ನಮ್ಮ ಮಕ್ಕಳೂ ಬೀಳಲಿ.’ ಅವರ ಮಾತೇ ಸರಿ. ಇಟ್ಟಿಗೆ ಉಳಿಯಿತು.

ಮಾತಿನ ಬಣ್ಣ

ಉಳಿದದ್ದು ಶೈಲಿಯ ಪ್ರಶ್ನೆ. ಅದರ ಉತ್ತರವೂ ಮೇಷ್ಟ್ರ ಹತ್ತಿರವೇ ಇತ್ತು. ಹುಡುಗರಾಗಿದ್ದಾಗ ಅವರು ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದು, ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದವರು. ನರಸಿಂಹಯ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದವರು. ಅವರ ಪತ್ತೇದಾರ ಪುರುಷೋತ್ತಮನನ್ನು ಒಂದು ತಲೆಮಾರು ಮನೆಯವನ ಹಾಗೆ ಬಲ್ಲದು. ಅಮೆರಿಕಕ್ಕೆ ಹ್ಯಾಮೆಟ್ ಇದ್ದರೆ ನಮಗೂ ಒಂದು ಹಳೆಯ ಪತ್ತೇದಾರಿ ಕನ್ನಡ ಇದೆ ಎಂದು ಮೇಷ್ಟ್ರು ವಾದಿಸಿದರು. ಆಸಾಮಿ, ಗಿರಾಕಿ, ಮಾಲು, ಜಾಡು, ಸುಳಿವು, ಖೂನಿ, ಸಂಚು. ಇವತ್ತಿನ ಮಕ್ಕಳು ಆಡದ ಪದಗಳು. ಆದರೆ ಕೇಳಿದರೆ ಅರ್ಥವಾಗುತ್ತವೆ, ಕತ್ತಲೆ ಗಲ್ಲಿಯ ವಾಸನೆಯೂ ಇದೆ.

ಆ ಕಾದಂಬರಿಗಳ ವಾಕ್ಯ ಉದ್ದ. ಅದನ್ನು ನಾವು ತೆಗೆದುಕೊಳ್ಳಲಿಲ್ಲ. ಪದ ಮಾತ್ರ ತೆಗೆದುಕೊಂಡು ಸಾಲು ಗಿಡ್ಡ ಮಾಡಿದೆವು. ‘ಮಾಲು ಯಾರದು?’ ‘ಗೊತ್ತಿಲ್ಲ.’ ‘ಜಾಡು ಹಿಡಿ.’ ಓಟದ ಮಾತಿಗೆ ಇದು ಕೂಡಿಬಂತು. ‘ಮಾಮ’ ತೆಗೆದು, ಮೂಲದಲ್ಲಿ ಇರುವ ಹಾಗೆ ‘ಗೂಳಿಗಳು’ ಎಂದೇ ಬರೆದೆವು. ನಮ್ಮ ಹಳ್ಳಿಗಳಲ್ಲಿ ಊರ ಗೂಳಿ ಯಾರ ಹೊಲಕ್ಕಾದರೂ ನುಗ್ಗುತ್ತದೆ, ಕೇಳುವವರಿಲ್ಲ. ಆ ಪದ ಎರಡನೇ ಸಲ ಬರುವಷ್ಟರಲ್ಲಿ ಮಕ್ಕಳಿಗೆ ಹತ್ತಿತ್ತು.

ಒಂದು ಸಾಲಿಗೆ ಬಹಳ ಚರ್ಚೆಯಾಯಿತು. ಬ್ರೆಂಡನ್ ಯಾರ ಬಗ್ಗೆ ವಿಚಾರಿಸಿದರೂ ಕೇಳುವುದು ಒಂದೇ, ಅವಳು ಯಾರ ಜೊತೆ ಊಟ ಮಾಡುತ್ತಾಳೆ? ಆ ಶಾಲೆಯಲ್ಲಿ ಯಾರ ಗುಂಪು ಯಾವುದು ಎಂದು ಗೊತ್ತಾಗುವುದು ಊಟದ ಜಾಗದಿಂದ. ಬ್ರೆಂಡನ್ ಶಾಲೆಯ ಹಿಂದೆ ಒಬ್ಬನೇ ಕೂತು ತಿನ್ನುವವನು. ‘ಯಾರ ಜೊತೆ ಡಬ್ಬಿ ಬಿಚ್ತಾಳೆ?’ ಎಂದು ವಿದ್ಯಾರ್ಥಿನಿ ಬರೆದಳು. ನನಗೆ ಬಹಳ ಇಷ್ಟವಾಯಿತು. ಆದರೆ ತೆರೆಯ ಮೇಲೆ ಯಾರ ಕೈಯಲ್ಲೂ ಸ್ಟೀಲ್ ಡಬ್ಬಿ ಇಲ್ಲ. ಕಣ್ಣು ಒಂದು ಹೇಳಿ ಅಕ್ಷರ ಇನ್ನೊಂದು ಹೇಳಬಾರದು. ‘ಊಟಕ್ಕೆ ಯಾರ ಜೊತೆ ಕೂರ್ತಾಳೆ?’ ಎಂದಾಯಿತು. ಆ ಡಬ್ಬಿಯನ್ನು ಬಿಟ್ಟದ್ದಕ್ಕೆ ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಸಹಾಯಕ ಉಪ ಪ್ರಾಂಶುಪಾಲರ ದೃಶ್ಯದಲ್ಲಿ ‘ನೀನು’, ‘ನೀವು’ ಕಾಡಿತು. ಆ ಪಾತ್ರ ಮಾಡಿದವರು ರಿಚರ್ಡ್ ರೌಂಡ್‌ಟ್ರೀ. 1971ರಲ್ಲಿ ಖಾಸಗಿ ಪತ್ತೇದಾರನ ಪಾತ್ರದಿಂದಲೇ ಹೆಸರಾದ ನಟ. ಇಲ್ಲಿ ಅವರು ಮೇಜಿನ ಆಚೆ ಪೊಲೀಸ್ ಅಧಿಕಾರಿಯ ಹಾಗೆ ಕೂತಿದ್ದಾರೆ. ಈಚೆ ಹುಡುಗ ಪಳಗಿದ ಪತ್ತೇದಾರನ ಹಾಗೆ ಸೆಟೆದು ಮಾತಾಡುತ್ತಾನೆ. ಸಸ್ಪೆಂಡ್ ಮಾಡೋದಾದ್ರೆ ಮಾಡಿ, ಇಲ್ಲದಿದ್ರೆ ಪೋಷಕರ ಸಭೆಯಲ್ಲಿ ಸಿಗೋಣ ಎನ್ನುವ ಅರ್ಥದ ಮಾತಾಡಿ ಎದ್ದು ಹೋಗುತ್ತಾನೆ. ‘ನೀನು’ ಎಂದರೆ ಪುಂಡ ಆಗುತ್ತಾನೆ. ‘ಸಾರ್’ ಎಂದರೆ ನಮ್ಮ ವಿಧೇಯ ವಿದ್ಯಾರ್ಥಿ ಆಗುತ್ತಾನೆ. ‘ನೀವು’ ಇಟ್ಟೆವು, ಇಡೀ ದೃಶ್ಯದಲ್ಲಿ ಒಂದೂ ‘ಸಾರ್’ ಹಾಕಲಿಲ್ಲ. ಆ ಕೊರತೆಯೇ ಅವನ ಪೊಗರನ್ನು ತೋರಿಸಿತು.

ಇನ್ನೆರಡು ಕಡೆ ಗಡಸು ಕನ್ನಡವನ್ನು ಬೇಕೆಂದೇ ಕೈಬಿಟ್ಟೆವು. ಪಿನ್ ಎಂಬ ಮಾದಕ ದೊರೆ ಇರುವುದು ಅಮ್ಮನ ಮನೆಯ ನೆಲಮಾಳಿಗೆಯಲ್ಲಿ. ಅಲ್ಲಿ ಏಟು ತಿಂದ ಬ್ರೆಂಡನ್ ಮೇಲೆ ಅಡುಗೆಮನೆಗೆ ಬಂದರೆ, ಪಿನ್‌ನ ಅಮ್ಮ ಅಕ್ಕರೆಯಿಂದ ಉಪಚಾರ ಮಾಡುತ್ತಾಳೆ. ಅವಳಿಗೆ ಮನೆಮಾತೇ ಕೊಟ್ಟೆವು. ‘ಕುಡಿಯೋಕೆ ಏನ್ ಕೊಡ್ಲಪ್ಪ?’ ಇನ್ನೊಂದು ಸಮುದ್ರ ದಂಡೆಯ ದೃಶ್ಯ. ಪಿನ್ ಇದ್ದಕ್ಕಿದ್ದಂತೆ ಕಾದಂಬರಿಕಾರ ಟೋಲ್ಕಿನ್‌ರನ್ನು ಓದಿದ್ದೀಯಾ ಎಂದು ಕೇಳುತ್ತಾನೆ. ಅವರು ಜಾಗಗಳನ್ನು ವರ್ಣಿಸುವುದು ನೋಡಿದರೆ ಅಲ್ಲೇ ಹೋಗಿ ಇರಬೇಕು ಅನಿಸುತ್ತದೆ ಎನ್ನುತ್ತಾನೆ. ಅಲ್ಲಿ ಮಾಲು, ಗಿರಾಕಿ ಇಲ್ಲ. ಪುಸ್ತಕ ಇಷ್ಟಪಟ್ಟ ಒಂಟಿ ಹುಡುಗನ ಸಾದಾ ಕನ್ನಡ. ಇಡೀ ಚಿತ್ರದಲ್ಲಿ ನನಗೆ ಅತಿ ಪ್ರಿಯವಾದ ಕ್ಷಣ ಅದು. ಸುತ್ತಲೂ ಮಾತು ಗಡಸಾಗಿದ್ದರೆ ಮಾತ್ರ ಆ ಸಾದಾತನ ಎದೆಗೆ ತಾಗುತ್ತದೆ. ನನ್ನ ಮೊದಲ ಪ್ರತಿಯಲ್ಲಿ ಅದು ಉಳಿದ ಹರಟೆಯ ನಡುವೆ ಕರಗಿಹೋಗಿತ್ತು.

ಪ್ರದರ್ಶನದ ದಿನ

ಸುಮಾರು 40 ಮಕ್ಕಳು ಬಂದಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ತೆರೆ ನೋಡಲಿಲ್ಲ, ಅವರ ತಲೆಗಳನ್ನೇ ನೋಡಿದೆ. ಫೋನ್ ಬೂತಿನ ದೃಶ್ಯದಲ್ಲಿ ಒಂದು ನಗುವೂ ಇಲ್ಲ. ಕುರ್ಚಿಯ ಸದ್ದೂ ಇಲ್ಲ. ‘ಈಗ ಪಿನ್ ಬೇರೆ’ ಬಂದಾಗ ನನ್ನ ಮುಂದಿದ್ದ ಹುಡುಗ ಪಕ್ಕದವನ ಕಿವಿಯಲ್ಲಿ ‘ಏಟಿಎಂ ಪಿನ್ನಾ?’ ಎಂದ. ನನಗೆ ಕಣ್ಣು ತುಂಬಿ ಬಂತು. ಊಹೆ ತಪ್ಪು, ಆದರೆ ಬ್ರೆಂಡನ್ ಎಲ್ಲಿದ್ದಾನೋ ಅವನೂ ಅಲ್ಲೇ ಇದ್ದ. ಹಾಲು ವೋಡ್ಕಾದ ಊಹೆಯಷ್ಟೇ ಚೆಂದದ ಊಹೆ ಅದು. ಅಮ್ಮ ‘ಏನ್ ಕೊಡ್ಲಪ್ಪ’ ಎಂದಾಗ ಇಡೀ ಕೋಣೆ ನಕ್ಕಿತು. ಅಲ್ಲಿ ನಗಬೇಕಿತ್ತು.

ಎಲ್ಲವೂ ಸರಿಯಾಗಲಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಸಂಚಿನ ವಿವರಣೆ ಉದ್ದವಾಗಿದೆ, ವೇಗವಾಗಿದೆ. ಕನ್ನಡದ ಪದ ಪ್ರತ್ಯಯ ಹತ್ತಿಸಿಕೊಂಡು ಉದ್ದವಾಗುತ್ತದೆ. ಒತ್ತಕ್ಷರ ಓದಲು ಕಣ್ಣಿಗೆ ಇನ್ನೊಂದು ಗಳಿಗೆ ಬೇಕು. ಎರಡು ಸಾಲು ತುಂಬಾ ಬರೆದ ಕಡೆಯಲ್ಲೆಲ್ಲ ಹಿಂದೆ ಕೂತವರು ದಾರಿ ತಪ್ಪಿದರು. ದಂಡೆಯ ದೃಶ್ಯದ ಬೆಳಕಿನಲ್ಲಿ ಬಿಳಿ ಅಕ್ಷರ ಮಸುಕಾಯಿತು. ಅಕ್ಷರಕ್ಕೆ ಕಪ್ಪು ಅಂಚು ಕೊಟ್ಟಿದ್ದರೆ ಸಾಕಿತ್ತು. ಮೂರನೇ ಪ್ರತಿಯನ್ನು ಹೊಸ ಮಕ್ಕಳಿಗೆ ಒಮ್ಮೆ ತೋರಿಸಿ ನೋಡಿದ್ದರೆ ಇವೆರಡೂ ಸಿಕ್ಕಿಬೀಳುತ್ತಿದ್ದವು. ನಾವು ತೋರಿಸಲಿಲ್ಲ, ದಿನಾಂಕ ಹತ್ತಿರ ಬಂದಿತ್ತು. ಈಗ ಯಾವ ಚಿತ್ರಕ್ಕೆ ಬರೆದರೂ ಪರೀಕ್ಷೆಗೆ ಕೂತವರನ್ನು ‘ಇಷ್ಟವಾಯಿತಾ’ ಎಂದು ಕೇಳುವುದಿಲ್ಲ. ‘ಈ ಪದ ಏನಿರಬಹುದು, ನಿನಗೆ ಹೇಗೆ ಗೊತ್ತಾಯಿತು’ ಎಂದು ಕೇಳುತ್ತೇವೆ.

ಒಂದು ತೀರ್ಮಾನ ಪೂರ್ತಿ ವಿದ್ಯಾರ್ಥಿನಿಯದು. ಚಿತ್ರದ ಕೊನೆಯಲ್ಲಿ ಒಬ್ಬರು ಬ್ರೆಂಡನ್‌ನ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾರೆ. ಯಾರೆಂದು ಹೇಳುವುದಿಲ್ಲ, ನೋಡದವರು ನೋಡಲಿ. ಆ ಮಾತು ನಮಗೆ ಕೇಳಿಸುವುದಿಲ್ಲ. ಏನಂದರು ಎಂದು ಬ್ರೇನ್ ಕೇಳಿದರೆ, ನನಗೊಂದು ಕೆಟ್ಟ ಮಾತು ಬೈದರು ಎಂದಷ್ಟೇ ಬ್ರೆಂಡನ್ ಹೇಳುತ್ತಾನೆ. ಆ ಪಿಸುಮಾತಿನ ಜಾಗದಲ್ಲಿ ಮಕ್ಕಳು ಕಂಗಾಲಾಗದಿರಲಿ, ‘ಪಿಸುಮಾತು’ ಎಂದಾದರೂ ಬರೆಯೋಣ ಎಂದೆ. ಅವಳು ಖಾಲಿ ಬಿಟ್ಟಳು.

ಚಿತ್ರ ಮುಗಿದು ದೀಪ ಹಾಕಿದ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ‘ಅಲ್ಲೊಂದು ಸಾಲು ಬಿಟ್ಟುಹೋಗಿದೆ’ ಎಂದಳು. ವಿದ್ಯಾರ್ಥಿನಿ ಇಲ್ಲ ಎಂದು ತಲೆಯಾಡಿಸಿದಳು. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಎಮಿಲಿಯ ಫೋನ್ ಕರೆಯಿಂದ ಹಿಡಿದು ಒಂದೊಂದೇ ಹೇಳುತ್ತಾ ಬಂದಳು. ಅಷ್ಟರಲ್ಲಿ ಪಕ್ಕದವರು ‘ಅಲ್ಲ ಅಲ್ಲ’ ಎಂದು ಶುರುಮಾಡಿದರು. ಕಾವಲುಗಾರ ಬೀಗ ಹಿಡಿದು ಬಾಗಿಲಲ್ಲಿ ನಿಂತಾಗಲೂ ಆ ಕೆಟ್ಟ ಮಾತು ಯಾವುದು ಎಂಬ ವಾದ ಮುಗಿದಿರಲಿಲ್ಲ.